ಹಿಂದುಗಡೆ ಕಟ್ಟಿದ ಹಗ್ಗ

ನನಗೆ ಈಜು ಬರುವುದಿಲ್ಲ. ತಾಳವಾಡಿ ಬೆಟ್ಟದ ಮೇಲೆ ಹುಟ್ಟಿ, ಜೀರಹಳ್ಳಿಯ ಆಚೆಯ ಕಾಡಂಚಿನ ಊರಿಗೆ ಸೊಸೆಯಾಗಿ ಬಂದವಳು ನಾನು. ನಮ್ಮ ಕಡೆ ನೀರೆಂದರೆ ಬಾವಿಯ ನೀರು, ಇಲ್ಲವೇ ಮಳೆಗಾಲದಲ್ಲಿ ಎಮ್ಮೆ ಮುಳುಗುವಷ್ಟು ತುಂಬುವ ಕಟ್ಟೆ. ಹೀಗಿದ್ದೂ ತೊಂಬತ್ತರ ದಶಕದಲ್ಲಿ ಕೆಲವು ವರ್ಷ ಒಂದು ಸಣ್ಣ ಮೋಟಾರು ದೋಣಿಯಲ್ಲಿ ಲಂಗರು ಇಳಿಸುವ, ಎತ್ತುವ ಕೆಲಸ ಮಾಡಿದೆ. ಊರಿನಲ್ಲಿ ಅರ್ಧ ಜನ ಇದನ್ನು ಇವತ್ತಿಗೂ ನಂಬುವುದಿಲ್ಲ. ಉಳಿದವರು ನಂಬಿರುವುದು ಬೇರೆಯೇ ಒಂದು ಮಾತನ್ನು.

ನನ್ನ ಗಂಡ ತಾಳವಾಡಿಯಲ್ಲಿ ಬೇರೆಯವರ ಟ್ರಾಕ್ಟರ್ ಓಡಿಸುತ್ತಿದ್ದರು. ಒಳ್ಳೆಯ ಕೆಲಸಗಾರ, ಕುಡಿತ ಇರಲಿಲ್ಲ, ಮಗಳೆಂದರೆ ಪ್ರಾಣ. ಆದರೆ ಹಟದ ಮನುಷ್ಯ. ಉಳುವ ಹೊಲದಲ್ಲಿ ಬಂಡೆ ಇದೆ ಎಂದು ಹೊಲದೊಡೆಯನೇ ಹೇಳಿದರೂ ಅಲ್ಲಿಯೇ ನೇಗಿಲು ಇಳಿಸಿ ನೋಡುವವರು. ಒಮ್ಮೆ ಹಾಗೆ ನೇಗಿಲು ಮುರಿದು ಯಜಮಾನನ ಜೊತೆ ಜಗಳವಾಯಿತು, ಕೆಲಸ ಬಿಟ್ಟರು. ಅದೇ ಹೊತ್ತಿಗೆ ಘಟ್ಟದ ಕೆಳಗೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದವನೊಬ್ಬ ಡೀಸೆಲ್ ಇಂಜಿನ್ ಬಲ್ಲವನನ್ನು ಹುಡುಕುತ್ತಿದ್ದಾನೆ ಎಂದು ಸುದ್ದಿ ಬಂತು. ಇವರು ಬಸ್ಸು ಹತ್ತಿ ಇಳಿದು ಹೋದರು. ವಾರ ಕಳೆದು ನನ್ನನ್ನೂ ಕರೆದುಕೊಂಡು ಹೋದರು. ಮಗಳು ಶಾಲೆಗೆ ಸೇರಿದ್ದಳು, ಅವಳನ್ನು ಅತ್ತೆಯ ಹತ್ತಿರ ಬಿಟ್ಟೆವು.

ಹೊರಡುವ ದಿನ ಅತ್ತೆ ಬಾಗಿಲಲ್ಲಿ ನಿಂತು ಮಗನಿಗೆ ಹೇಳಿದ್ದರು: "ನೀರ್ ಮೇಲಿನ ಕೆಲ್ಸ ಕಣ್ಲಾ. ಉಸಾರು. ಯಾರಾದ್ರೂ ಬುದ್ಧಿ ಏಳುದ್ರೆ ಕೇಳು."

ಅವರು ನಕ್ಕುಬಿಟ್ಟರು.

ದೋಣಿ ದೊಡ್ಡದೇನಲ್ಲ. ಮರದ ದೋಣಿ, ನಡುವೆ ಹಲಗೆ ಹೊಡೆದು ಮಾಡಿದ ಒಂದು ಗೂಡಿನಂಥ ಕೋಣೆ, ಅದರ ಮೇಲೆ ತಗಡು. ಇಂಜಿನ್ನು, ಚುಕ್ಕಾಣಿ ಎಲ್ಲ ಆ ಕೋಣೆಯ ಒಳಗೆ. ಒಳಗೆ ಹೋಗಲು ಹಿಂದುಗಡೆಯಿಂದ ಒಂದೇ ಒಂದು ಬಾಗಿಲು, ಬಗ್ಗಿ ನುಗ್ಗಬೇಕು. ಕೋಣೆಯ ಹಿಂದೆ ಮೀನಿನ ಬುಟ್ಟಿ, ಐಸು ಇಡಲು ತೆರೆದ ಜಾಗ. ಅಲ್ಲಿ ದೋಣಿಯ ಅಂಚು ನೀರಿಗೆ ಬಹಳ ಹತ್ತಿರ, ಕೈ ಚಾಚಿದರೆ ನೀರು ಸಿಗುತ್ತಿತ್ತು. ಕೋಣೆಯ ಮುಂದೆ ಮೂತಿಯ ಕಡೆ ಒಬ್ಬರು ನಿಲ್ಲುವಷ್ಟು ಹಲಗೆ, ಒಂದು ಗಟ್ಟಿ ಗೂಟ, ಗೂಟದ ಪಕ್ಕ ಸುರುಳಿ ಸುತ್ತಿದ ಹಗ್ಗ ಮತ್ತು ಲಂಗರು. ತಮಿಳಿನಲ್ಲಿ ನಂಗೂರಂ ಅನ್ನುತ್ತಾರೆ, ನಾವು ನಂಗೂರ ಎಂದೇ ಕರೆಯುತ್ತಿದ್ದೆವು.

ನಮ್ಮ ಕೆಲಸ ಮೀನು ಹಿಡಿಯುವುದಲ್ಲ. ದೂರದ ಕೊಲ್ಲಿಗಳಲ್ಲಿ ಹರಿಗೋಲಿನವರು ಬಲೆ ಹಾಕುತ್ತಿದ್ದರು. ನಾವು ಅಲ್ಲಿಗೆ ಹೋಗಿ ಲಂಗರು ಹಾಕಿ ನಿಲ್ಲುತ್ತಿದ್ದೆವು. ಅವರು ಹಿಡಿದ ಮೀನು ತಂದು ನಮ್ಮ ದೋಣಿಗೆ ಹಾಕುತ್ತಿದ್ದರು, ನಾವು ಅದನ್ನು ದಡಕ್ಕೆ ಮುಟ್ಟಿಸಬೇಕು. ಗುತ್ತಿಗೆ ಹಿಡಿದಿದ್ದ ಯಜಮಾನನ ಕಡೆಯ ಒಬ್ಬ ಮೇಸ್ತ್ರಿ ಲೆಕ್ಕ ನೋಡಿಕೊಳ್ಳಲು ಆಗಾಗ ನಮ್ಮ ಜೊತೆ ಬರುತ್ತಿದ್ದ. ಮೊದಲು ಲಂಗರಿನ ಕೆಲಸಕ್ಕೆ ಒಬ್ಬ ಆಳಿದ್ದ. ಅವನಿಗೂ ನನ್ನ ಗಂಡನಿಗೂ ಹೊಂದಲಿಲ್ಲ, ಬಿಟ್ಟುಹೋದ. ಬೇರೆಯವನು ಸಿಗುವ ತನಕ ಎಂದು ಇವರು ನನ್ನನ್ನು ಹತ್ತಿಸಿಕೊಂಡರು.

"ಬಾಮ್ಮಿ, ಮುಂದ್ಗಡೆ ನಿಂತ್ಕೊ. ನಾ ಕೂಗ್ದಾಗ ಬುಡು, ಕೂಗ್ದಾಗ ಎಳಿ. ಅಷ್ಟೇ ಕೆಲ್ಸ" ಅಂದರು.

ಬೇರೆಯವನು ಯಾರೂ ಬರಲಿಲ್ಲ. ಬಾವಿಯಿಂದ ಕೊಡ ಸೇದಿ ಸೇದಿ ಗಟ್ಟಿಯಾಗಿದ್ದ ತೋಳು ನನ್ನದು, ಭಾರಕ್ಕೆ ಹೆದರಲಿಲ್ಲ. ಹೆದರಿದ್ದು ನೀರಿಗೆ. ಮೊದಲ ದಿನ ಕೋಣೆಯ ಪಕ್ಕದ ಕಿರಿದಾದ ಅಂಚಿನ ಮೇಲೆ ಮುಂದುಗಡೆಗೆ ನಡೆಯುವಾಗ ತಗಡಿನ ಚಾವಣಿಯನ್ನು ಹಿಡಿದ ಬೆರಳು ಬಿಡಿಸಿಕೊಳ್ಳಲು ಆಗದೆ ಅಲ್ಲೇ ನಿಂತುಬಿಟ್ಟಿದ್ದೆ. ಒಳಗಿನಿಂದ ಇವರು ರೇಗುತ್ತಿದ್ದರು.

ಕೆಲಸ ಕಲಿಸಿದ್ದು ಇವರಲ್ಲ. ಹರಿಗೋಲಿನವರಲ್ಲಿ ಒಬ್ಬ ಮುದುಕರಿದ್ದರು, ಎಲ್ಲರಿಗೂ ತಾತ. ಪ್ರಾಯದಲ್ಲಿ ಸಮುದ್ರದ ಕಡೆ ದೊಡ್ಡ ದೋಣಿಗಳಲ್ಲಿ ದುಡಿದು ಬಂದವರಂತೆ. ಅವರು ಆಡುತ್ತಿದ್ದದ್ದು ತಮಿಳು. ತಮಿಳುನಾಡಿಗೆ ಸೇರಿದ ನಮ್ಮ ಬೆಟ್ಟದಲ್ಲಿ ತಮಿಳು ಬಾರದವರು ಯಾರೂ ಇಲ್ಲ, ಹಾಗಾಗಿ ಅವರ ಮಾತು ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಕೂತಿದೆ. ನಾನು ಮೊದಲ ಸಲ ಲಂಗರನ್ನು ಎತ್ತಿ ದೂರಕ್ಕೆ ಬೀಸಿದ್ದನ್ನು ನೋಡಿ ಹರಿಗೋಲನ್ನು ನಮ್ಮ ಪಕ್ಕಕ್ಕೆ ತಂದರು.

"ಬೀಸಬೇಡಮ್ಮಾ. ಬೀಸಿದರೆ ಹಗ್ಗ ಅದರ ಕೊಂಡಿಗೇ ಸುತ್ತಿಕೊಳ್ಳುತ್ತದೆ, ನೆಲ ಹಿಡಿಯುವುದಿಲ್ಲ. ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸು. ಅದಕ್ಕೂ ಮುಂಚೆ ನಿನ್ನ ಕಾಲು ನೋಡಿಕೋ. ಹಗ್ಗದ ಸುರುಳಿಯ ಒಳಗೆ ಪಾದ ಇದ್ದರೆ ನಂಗೂರದ ಜೊತೆ ನೀನೂ ಹೋಗುತ್ತೀಯ."

ಆಮೇಲೆ ಒಂದೊಂದಾಗಿ ಹೇಳಿಕೊಟ್ಟರು. ಇಳಿಸುವ ಮೊದಲು ಹಗ್ಗದ ತುದಿ ಗೂಟಕ್ಕೆ ಬಿಗಿದಿದೆಯೇ ನೋಡಬೇಕು. ದೋಣಿಯ ಮೂತಿ ಗಾಳಿಗೆ ಎದುರಾಗಿರಬೇಕು. ನೀರಿನ ಆಳಕ್ಕಿಂತ ಹಲವು ಪಟ್ಟು ಹಗ್ಗ ಬಿಡಬೇಕು. ಉದ್ದ ಬಿಟ್ಟರೆ ಲಂಗರು ಮಲಗಿ ನೆಲ ಕಚ್ಚುತ್ತದೆ, ಗಿಡ್ಡ ಬಿಟ್ಟರೆ ಎದ್ದು ಜಾರುತ್ತದೆ. ಹಿಡಿದಿದೆಯೋ ಇಲ್ಲವೋ ತಿಳಿಯಲು ದಡದ ಮೇಲೆ ಒಂದರ ಹಿಂದೆ ಒಂದು ನಿಂತಂತೆ ಕಾಣುವ ಮರವನ್ನೂ ಬಂಡೆಯನ್ನೂ ಗುರುತಿಟ್ಟುಕೊಳ್ಳಬೇಕು. ಅವೆರಡೂ ಬೇರೆ ಬೇರೆ ಕಾಣತೊಡಗಿದರೆ ನಾವು ಜಾರುತ್ತಿದ್ದೇವೆ ಎಂದು ಅರ್ಥ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಮೂತಿಯ ಕಡೆ ಒಂದು ಕುಡುಗೋಲು, ಬಾಯಿ ಮುಚ್ಚಿದ ಒಂದು ಖಾಲಿ ಕ್ಯಾನು ಯಾವಾಗಲೂ ಇರಬೇಕು.

ಆ ಹಿನ್ನೀರಿನ ತಳದಲ್ಲಿ ಮುಳುಗಿಹೋದ ಮರಗಳಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಅವುಗಳ ಬೋಳು ಕೊಂಬೆಗಳು ಮೇಲೆ ಬರುತ್ತಿದ್ದವು, ನೀರು ತುಂಬಿದಾಗ ಕಾಣದೆ ಕೆಳಗೆ ಇರುತ್ತಿದ್ದವು. ಲಂಗರು ಅಲ್ಲಿ ಸಿಕ್ಕಿಕೊಂಡರೆ ಮೇಲಿನಿಂದ ಎಷ್ಟು ಎಳೆದರೂ ಬರುವುದಿಲ್ಲ. ಅದಕ್ಕೆ ತಾತ ಇನ್ನೊಂದು ಉಪಾಯ ಹೇಳಿದ್ದರು. ಲಂಗರಿನ ಬುಡಕ್ಕೆ ಬೇರೆ ಒಂದು ಸಣ್ಣ ಹಗ್ಗ ಕಟ್ಟಿ, ಅದರ ತುದಿಗೆ ತೇಲುವ ಡಬ್ಬ ಕಟ್ಟಿ ಬಿಡುವುದು. ಸಿಕ್ಕಿಕೊಂಡರೆ ಆ ಹಗ್ಗ ಹಿಡಿದು ಎಳೆದರೆ ಲಂಗರು ಹಿಮ್ಮುಖವಾಗಿ ಕಳಚಿಕೊಂಡು ಬರುತ್ತದೆ. ನಾವು ಅದನ್ನು ಬಾಲದ ಹಗ್ಗ ಅನ್ನುತ್ತಿದ್ದೆವು.

ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಏನೇ ಆಗಲಿ ಹಿಂದುಗಡೆ ಕಟ್ಟಬೇಡಿ. ದೋಣಿಯ ಮೂತಿ ಎತ್ತರ, ಅದು ಅಲೆ ಏರುತ್ತದೆ. ಹಿಂಬದಿ ತಗ್ಗು. ಅಲ್ಲಿ ಕಟ್ಟಿ ಜಗ್ಗಿದರೆ ಕೆರೆಗೆ ಕೊಡ ಅದ್ದಿದ ಹಾಗೆ ನೀರು ತುಂಬುತ್ತದೆ."

ನನ್ನ ಗಂಡ ಕೋಣೆಯ ಒಳಗಿನಿಂದಲೇ "ಆಯ್ತು ತಾತ" ಎನ್ನುತ್ತಿದ್ದರು. ತಾತ ಅತ್ತ ಹೋದ ಮೇಲೆ, "ಮುದುಕಪ್ಪಂಗೆ ಬೇರೆ ಕೆಲ್ಸ ಇಲ್ಲ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ವರ್ಷಗಳಲ್ಲಿ ನಾವು ಸುಖವಾಗಿಯೇ ಇದ್ದೆವು. ದಡದ ಮೇಲೆ ಒಂದು ತಗಡಿನ ಮನೆ, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಹೋಗಿ ಸಂಜೆ ಒಟ್ಟಿಗೆ ಬರುವುದು. ಊರಿನಲ್ಲಿ ಗಂಡ ಹೆಂಡತಿ ಹೀಗೆ ದಿನವಿಡೀ ಎದುರುಬದುರು ಇರುವುದುಂಟೇ? ಕೋಣೆಯ ಮುಂದಿನ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದು, ಕೈಸನ್ನೆಯಲ್ಲೇ ಎಲ್ಲ. ಕೈ ಮೇಲೆತ್ತಿದರೆ ಎಳೆಯಬೇಕು, ಕೆಳಗೆ ಮಾಡಿದರೆ ಬಿಡಬೇಕು. ಮನೆಯಲ್ಲೂ ಉಪ್ಪು ಬೇಕೆಂದರೆ ಕೈ ಎತ್ತುವಷ್ಟು ರೂಢಿಯಾಗಿತ್ತು.

ಒಂದು ಸಲ ಲಂಗರು ಸಿಕ್ಕಿಕೊಂಡು, ಬಾಲದ ಹಗ್ಗವೂ ಹರಿದು, ಕುಡುಗೋಲಿನಿಂದ ಹಗ್ಗ ಕುಯ್ದು ಲಂಗರನ್ನು ಅಲ್ಲೇ ಬಿಟ್ಟು ಬಂದಿದ್ದೆವು. ಅವತ್ತು ದಡದಲ್ಲಿ ಯಜಮಾನ ಎಲ್ಲರ ಎದುರಿಗೆ ನನ್ನ ಗಂಡನನ್ನು ಬೈದ. ಬೆಟ್ಟದಿಂದ ಬಂದವನಿಗೆ ದೋಣಿ ಕೊಟ್ಟದ್ದು ತನ್ನ ತಪ್ಪು ಅಂದ. ಇವರು ತಲೆ ತಗ್ಗಿಸಿ ನಿಂತಿದ್ದರು. ಆ ಮಾತು ಅವರ ಒಳಗೆ ಮುಳ್ಳಿನ ಹಾಗೆ ಉಳಿಯಿತೆಂದು ನನಗೆ ಆಗಲೇ ಗೊತ್ತಾಗಿತ್ತು. ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಕೂತು, "ಇನ್ನೊಂದ್ ದಪ ಅಗ್ಗ ಕುಯ್ಯಂಗಿಲ್ಲ ಕಣಮ್ಮಿ. ಏನಾದ್ರೂ ಆಗ್ಲಿ" ಅಂದರು.

ಆಷಾಢದಲ್ಲಿ ಅಲ್ಲಿ ಗಾಳಿಯ ಕಾಟ. ಬೆಳಿಗ್ಗೆ ನೀರು ಕನ್ನಡಿಯ ಹಾಗಿರುತ್ತದೆ. ಹೊತ್ತು ಏರಿದಂತೆ ಪಡುವಣದಿಂದ ಬೀಸತೊಡಗಿ, ಮಧ್ಯಾಹ್ನದ ಹೊತ್ತಿಗೆ ಇಡೀ ಹಿನ್ನೀರು ಬೆಳ್ಳಗೆ ನೊರೆ ಕಾರುತ್ತದೆ. ಆ ದಿನಗಳಲ್ಲಿ ನಾವು ಬೇಗ ಹೋಗಿ ಬೇಗ ಬಂದುಬಿಡುತ್ತಿದ್ದೆವು.

ಆ ದಿನ ಮೇಸ್ತ್ರಿ ತಡವಾಗಿ ಬಂದ. ನಾವು ಕೊಲ್ಲಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು, ಗಾಳಿ ಶುರುವಾಗಿತ್ತು. ಎಂದಿನಂತೆ ನಿಲ್ಲುವ ಜಾಗದಲ್ಲಿ ದೋಣಿ ಕುಲುಕುತ್ತಿತ್ತು. ಮೇಸ್ತ್ರಿಗೆ ಹೊಟ್ಟೆ ತೊಳಸಿತು. ಸ್ವಲ್ಪ ಒಳಗೆ, ಗುಡ್ಡದ ಮರೆಗೆ ಹೋಗಿ ನಿಲ್ಲೋಣ ಅಂದ. ಅಲ್ಲಿ ನೀರಡಿಯಲ್ಲಿ ಮರಗಳಿವೆ ಎಂದು ನನಗೂ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು. ಗಾಳಿ ಕಡಿಮೆ ಎಂದು ಅಲ್ಲಿಗೇ ಹೋದೆವು.

ನಾನು ಬಾಲದ ಹಗ್ಗದ ಗಂಟು ಬಿಚ್ಚುತ್ತಾ, "ತಡೀರಿ, ಇದ್ನೂ ಕಟ್ಬುಡ್ತೀನಿ" ಎಂದು ಕೂಗಿದೆ.

ಇವರು ಗಾಜು ಸರಿಸಿ ತಲೆ ಹೊರಗೆ ಹಾಕಿದರು. "ಈಗ್ ಬಂದು ಈಗ್ ಓಯ್ತೀವಿ ಕಣಮ್ಮಿ. ದೋಣಿ ಜಾರ್ತಾ ಅದೆ. ಬುಡು ಅತ್ಲಾಗೆ."

ದೋಣಿ ಬಂಡೆಯ ಕಡೆ ಜಾರುತ್ತಿದ್ದದ್ದು ನಿಜ. ಲಂಗರು ಇಳಿಸಿದೆ. ಇಳಿಯುತ್ತಿದ್ದ ಹಗ್ಗ ನಡುವೆ ಒಮ್ಮೆ ತಡೆದು, ಮತ್ತೆ ಇಳಿದು ನಿಂತಿತು. ಕೆಸರಿನಲ್ಲಿ ಲಂಗರು ಕೂರುವಾಗ ಕೈಗೆ ಮೆತ್ತಗೆ ತಿಳಿಯುತ್ತದೆ, ಅವತ್ತು ಹಾಗಿರಲಿಲ್ಲ.

ಹರಿಗೋಲಿನವರು ಬಂದರು. ಮೀನು ಚೆನ್ನಾಗಿ ಬಿದ್ದಿತ್ತು. ಹಿಂದುಗಡೆ ಬುಟ್ಟಿಯ ಮೇಲೆ ಬುಟ್ಟಿ ಪೇರಿಸಿದರು, ನಡುನಡುವೆ ಐಸು. ದೋಣಿಯ ಹಿಂಬದಿ ಇನ್ನಷ್ಟು ತಗ್ಗಾಯಿತು. ಕೊನೆಗೆ ಬಂದವರು ತಾತ. ತಮ್ಮ ಬುಟ್ಟಿ ಕೊಟ್ಟು ಆಕಾಶ ನೋಡಿದರು.

"ಹೊರಡಿ, ಹೊರಡಿ. ಇದು ನಿಲ್ಲುವ ಗಾಳಿಯಲ್ಲ" ಅಂದು ದಡದ ಆಸರೆಯ ಕಡೆಗೆ ಹುಟ್ಟು ಹಾಕತೊಡಗಿದರು.

ಇವರು ಇಂಜಿನ್ ಹಚ್ಚಿ ದೋಣಿಯನ್ನು ಮೆಲ್ಲಗೆ ಮುಂದೆ ತಂದರು. ನಾನು ಹಗ್ಗ ಎಳೆದುಕೊಳ್ಳುತ್ತಾ ಬಂದೆ. ಹಗ್ಗ ಮೂತಿಯ ಕೆಳಗೆ ನೇರವಾಗಿ ನಿಂತಿತು, ಲಂಗರು ಮೇಲೇಳಲಿಲ್ಲ. ಗೂಟಕ್ಕೆ ಬಿಗಿದು, ಅಲೆ ದೋಣಿಯನ್ನು ಎತ್ತಿದಾಗ ಕಳಚೀತೆಂದು ಕಾದೆ. ಅಲೆಗಳು ಎತ್ತಿ ಎತ್ತಿ ಬಡಿದವು, ಮೂತಿ ಕರಕರ ಅಂದಿತು, ಲಂಗರು ಅಲುಗಲಿಲ್ಲ. ಇವರು ಎಡಕ್ಕೆ, ಬಲಕ್ಕೆ ಸುತ್ತು ಬಳಸಿ ನೋಡಿದರು. ಇಲ್ಲ. ನಾನು ಕುಡುಗೋಲು ಎತ್ತಿ ತೋರಿಸಿದೆ.

"ಕುಯ್ದ್‌ಬುಡ್ತೀನಿ ಕಣಿ!"

ಅದು ಕೇಳಿಸಿದ್ದು ಮೇಸ್ತ್ರಿಗೆ. ಅವನು ಹಿಂದುಗಡೆ ಬುಟ್ಟಿಗಳ ಪಕ್ಕ ಕೂತು ವಾಂತಿ ಮಾಡಿಕೊಳ್ಳುತ್ತಿದ್ದವನು, ತಲೆ ಎತ್ತಿದ. "ಹೋದ ಸಲ ಒಂದು ಕಳೆದಿರಿ. ಇದನ್ನೂ ಕಳೆದರೆ ಯಜಮಾನನಿಗೆ ನಾನಂತೂ ಹೇಳೋನಲ್ಲ. ನೀವೇ ಹೇಳಿಕೊಳ್ಳಿ" ಅಂದ.

ನನ್ನ ಗಂಡ ಕೋಣೆಯಿಂದ ಬಗ್ಗಿ ಹೊರಗೆ ಬಂದರು. ಅವರ ಮುಖ ನೋಡಿದ ಕೂಡಲೇ ಏನು ಮಾಡಲಿದ್ದಾರೆ ಎಂದು ಅರ್ಥವಾಯಿತು. ಅಂಚಿನ ಮೇಲೆ ನಡೆದು ನನ್ನ ಹತ್ತಿರ ಬಂದು ಗೂಟದಿಂದ ಹಗ್ಗ ಬಿಚ್ಚತೊಡಗಿದರು.

"ಇಂದ್ಗಡೆ ಕಟ್ಟಿ ಒಂದ್ಸಲ ಜೋರಾಗ್ ಎಳ್ದ್ರೆ ಬತ್ತದೆ" ಅಂದರು.

"ಬ್ಯಾಡಿ ಕಣಿ. ತಾತ ಎಷ್ಟ್ ಸಲ ಏಳವ್ರೆ. ಇಂದ್ಗಡೆ ಕಟ್‌ಬ್ಯಾಡಿ."

"ಬಂಡಿ ಕೆಸ್ರಲ್ಲಿ ಊತೋದಾಗ ಟ್ರಾಕ್ಟ್ರು ಇಂದ್ಗಡೆ ಕಟ್ಟಿ ಎಳ್ದಿಲ್ವಾ ನಾನು? ಎಷ್ಟ್ ಬಂಡಿ ಎಳ್ದಿವ್ನಿ!"

"ಅದು ನೆಲ. ಇದು ನೀರು."

"ಸುಮ್ಕಿರಮ್ಮಿ. ಕುಡುಗೋಲು ಅಲ್ಲೇ ಮಡಗು."

ಹಗ್ಗದ ತುದಿಯನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಕೈಯಲ್ಲಿ ತಗಡು ಹಿಡಿದು ಹಿಂದಕ್ಕೆ ನಡೆದರು. ಹಿಂದುಗಡೆ ಅಂಚಿನಲ್ಲಿದ್ದ ಗಿಡ್ಡ ಕಂಬಕ್ಕೆ ಬಿಗಿದು ಕಟ್ಟಿದರು. ನಾನು ಅವರ ಹಿಂದೆ ಹೋಗಬೇಕೆಂದು ಅಂಚಿಗೆ ಕಾಲಿಟ್ಟೆ. ಅಲೆ ಹೊಡೆದು ದೋಣಿ ವಾಲಿತು, ಗೂಟ ತಬ್ಬಿಕೊಂಡು ಕೂತೆ. ಗಾಜಿನಲ್ಲಿ ಅವರ ಮುಖ ಕಂಡಿತು. ಕೈ ಮೇಲೆತ್ತಲಿಲ್ಲ, ಕೆಳಗೂ ಮಾಡಲಿಲ್ಲ. ಇಂಜಿನ್ನಿನ ಕಡೆಗೆ ಬಗ್ಗಿದರು.

ದೋಣಿ ಒಂದು ಸಲ ಮುಂದಕ್ಕೆ ಹಾರಿತು. ಹಗ್ಗ ಬಿಗಿಯಿತು. ಮೂತಿ ಮೇಲಕ್ಕೆದ್ದಿತು. ಹಿಂದಿನಿಂದ ನೀರು ಬಂತು. ಸದ್ದೇ ಇಲ್ಲದೆ, ಹೊಸ್ತಿಲು ದಾಟಿ ಮನೆಯೊಳಗೆ ಬರುವವರ ಹಾಗೆ ಬಂತು. ಬುಟ್ಟಿಗಳು ತೇಲಿ ಕೋಣೆಯ ಬಾಗಿಲಿಗೆ ಒತ್ತಿಕೊಂಡವು. ಮೇಸ್ತ್ರಿ ಅದಾಗಲೇ ನೀರಿಗೆ ಹಾರಿದ್ದ. ಮತ್ತೊಂದು ಅಲೆ ಬಂತು. ಇಂಜಿನ್ನು ಕೆಮ್ಮಿ ನಿಂತುಹೋಯಿತು. ಆ ನಿಶ್ಶಬ್ದದಲ್ಲಿ ಒಳಗಿನಿಂದ ಬಾಗಿಲು ಗುದ್ದುವುದು ಕೇಳಿಸಿತು. ನನ್ನ ಕೈಯಲ್ಲಿ ಕುಡುಗೋಲು ಇತ್ತು. ಕುಯ್ಯಬೇಕಾದ ಹಗ್ಗ ಆ ತುದಿಯಲ್ಲಿ, ನೀರಿನ ಅಡಿಯಲ್ಲಿ ಇತ್ತು. ಕುಡುಗೋಲಿನ ಹಿಡಿಯಿಂದ ಗಾಜು ಒಡೆದೆ. ಅದು ತಲೆ ತೂರುವಷ್ಟೇ ದೊಡ್ಡದು. ಅವರ ಕೈ ಹೊರಗೆ ಬಂತು, ನಾನು ಹಿಡಿದುಕೊಂಡೆ. ದೋಣಿ ಹಿಂದಕ್ಕೆ ಜಾರಿ ಮುಳುಗುವ ತನಕ ಹಿಡಿದಿದ್ದೆ. ಆಮೇಲೆ ಆ ಕೈ ಕಳಚಿಕೊಂಡಿತು.

ನಾನು ಬಿಡಲಿಲ್ಲ. ಅವರೇ ಬಿಡಿಸಿಕೊಂಡರು ಎಂದು ನನ್ನ ಬೆರಳುಗಳಿಗೆ ನೆನಪಿದೆ.

ಮೂತಿಯ ಕಡೆ ಇಟ್ಟಿದ್ದ ಖಾಲಿ ಕ್ಯಾನಿನ ಹಿಡಿಗೆ ತೋಳು ಸಿಕ್ಕಿಸಿಕೊಂಡು ನಾನು ತೇಲುತ್ತಿದ್ದೆ. ತಾತ ಹರಿಗೋಲು ತಿರುಗಿಸಿಕೊಂಡು ಬಂದು ನನ್ನನ್ನು ಜಡೆ ಹಿಡಿದು ಒಳಗೆಳೆದುಕೊಂಡರು. ಮತ್ತೆ ನೀರಿಗೆ ಬೀಳಲು ಹೋದೆನಂತೆ, ಮೊಣಕಾಲಿನಿಂದ ಒತ್ತಿ ಹಿಡಿದರಂತೆ. ಮೇಸ್ತ್ರಿಯನ್ನು ಬೇರೆ ಹರಿಗೋಲಿನವರು ಎತ್ತಿಕೊಂಡರು.

ಆ ಗಾಳಿ ಮಾರನೆಯ ದಿನವೂ ನಿಲ್ಲಲಿಲ್ಲ. ಯಾರೂ ಅಲ್ಲಿಗೆ ಹೋಗಲಾರದಾದರು. ನಾನು ದಡದ ಮೇಲೆ ಕೂತಿದ್ದೆ. ಯಾರೋ ಟೀ ತಂದುಕೊಟ್ಟರು, ಕುಡಿದೆ. ಯಾರೋ ಒಣಸೀರೆ ಕೊಟ್ಟರು, ಉಟ್ಟೆ. ಹೇಳಿದ್ದನ್ನೆಲ್ಲ ಮಾಡುತ್ತಿದ್ದೆ. ನೀರು ನೋಡುತ್ತಾ ಎದುರು ದಡದ ಮರವನ್ನೂ ಬಂಡೆಯನ್ನೂ ಒಂದು ಗೆರೆಗೆ ತರಲು ಕಣ್ಣು ತಾನಾಗಿಯೇ ಪ್ರಯತ್ನಿಸುತ್ತಿತ್ತು.

ಗಾಳಿ ಇಳಿದ ಬೆಳಿಗ್ಗೆ ಹರಿಗೋಲುಗಳೆಲ್ಲ ಹೋದವು. ಮುಳುಗು ಹಾಕಬಲ್ಲವರು ಕೆಳಗೆ ಹೋಗಿ ಹಗ್ಗ ಕುಯ್ದು, ದೋಣಿಯನ್ನು ಕೊಕ್ಕೆ ಹಾಕಿ ಕಡಿಮೆ ನೀರಿಗೆ ಎಳೆತಂದರು. ಇವರು ಕೋಣೆಯೊಳಗೇ ಇದ್ದರು. ಹಿಂದಿನ ಕಂಬದಲ್ಲಿ ಹಗ್ಗದ ತುಂಡು ಇನ್ನೂ ಬಿಗಿದೇ ಇತ್ತು. ತಾತ ಅದನ್ನು ನೋಡಿದರು, ನನ್ನನ್ನು ನೋಡಿದರು.

ಪೊಲೀಸಿನವರು ಬಂದರು. ಮೇಸ್ತ್ರಿ ನನಗಿಂತ ಮೊದಲೇ ಅವರ ಹತ್ತಿರ ಮಾತಾಡಿ ಮುಗಿಸಿದ್ದ. ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ದೋಣಿಯಲ್ಲಿ ಹಗ್ಗದ ಕೆಲಸ ಯಾರದಮ್ಮಾ?"

"ನಂದು" ಅಂದೆ.

ಕೇಳಿದ ಪ್ರಶ್ನೆಗೆ ಅದೇ ನಿಜವಾದ ಉತ್ತರ. ಅವತ್ತು ಹಗ್ಗ ಕಟ್ಟಿದವರು ಯಾರೆಂದು ಅವರು ಕೇಳಲಿಲ್ಲ. ಎದುರಿಗೆ ಚಾಪೆಯ ಮೇಲೆ ಇವರನ್ನು ಮಲಗಿಸಿದ್ದರು. ಸತ್ತು ಮಲಗಿದ ಮನುಷ್ಯನನ್ನು ತೋರಿಸಿ ಇವರೇ ಮಾಡಿಕೊಂಡರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ನನ್ನ ಉತ್ತರ ಕೇಳಿ ಅವನ ಹೆಗಲು ಹಗುರಾದದ್ದು ಕಂಡಿತು.

ಆಸ್ಪತ್ರೆಯಲ್ಲಿ ಕುಯ್ದು ನೋಡುವುದೆಲ್ಲ ಮುಗಿದ ಮೇಲೆ ಮೀನಿನ ವ್ಯಾನಿನಲ್ಲೇ ಇವರನ್ನು ಊರಿಗೆ ಸಾಗಿಸಿದರು. ಬೇರೆ ಗಾಡಿ ಯಾವುದೂ ಘಟ್ಟ ಹತ್ತಲು ಒಪ್ಪಲಿಲ್ಲ. ಆ ವರ್ಷಗಳಲ್ಲಿ ಕಾಡುಗಳ್ಳನನ್ನು ಹುಡುಕುತ್ತಾ ನಮ್ಮ ಕಾಡೆಲ್ಲ ಪೊಲೀಸರು, ದಾರಿಯುದ್ದಕ್ಕೂ ತಪಾಸಣೆ. ಇವರ ಸುತ್ತ ಮೀನಿಗೆ ಹಾಕುವ ಐಸನ್ನೇ ಹಾಕಿದ್ದರು. ಘಟ್ಟದ ಬುಡದಲ್ಲಿ ವ್ಯಾನು ನಿಲ್ಲಿಸಿ ಬಾಗಿಲು ತೆಗೆಸಿದರು. ಬಂದೂಕಿನವನೊಬ್ಬ ಐಸನ್ನು ಕೋಲಿನಿಂದ ಸರಿಸಿ ಕೆಳಗೆ ಏನಾದರೂ ಇದೆಯೋ ಎಂದು ನೋಡಿದ. ಪ್ರಾಯದವನು. ಕೋಲು ಪಾದಕ್ಕೆ ತಗುಲಿದಾಗ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ. ಬಾಗಿಲು ಹಾಕಿ "ಪೋಂಗ" ಅಂದ, ಹೋಗಿ ಎಂದು. ತಿರುವು ತಿರುವಿಗೂ ಕರಗಿದ ನೀರು ವ್ಯಾನಿನ ಬಾಗಿಲ ಸಂದಿಯಿಂದ ರಸ್ತೆಗೆ ಸುರಿಯುತ್ತಿತ್ತು.

ಊರಿಗೆ ನಮಗಿಂತ ಮೊದಲೇ ಮಾತು ಬಂದಿತ್ತು. ನಾನೇ ಹಗ್ಗ ಕಟ್ಟಿದ್ದೆನಂತೆ, ನಾನೇ ಪೊಲೀಸರ ಮುಂದೆ ಒಪ್ಪಿಕೊಂಡೆನಂತೆ. ವ್ಯಾನಿನಿಂದ ಇಳಿಯುವಾಗ ಅತ್ತೆ ಓಡಿಬಂದು ಎರಡೂ ಕೈಯಲ್ಲಿ ನನ್ನ ಎದೆಗೆ ಗುದ್ದಿದರು.

"ನನ್ ಮಗ್ನ ಕಟ್ಟಿ ಮುಳುಗ್ಸ್‌ಬುಟ್ಟಲ್ಲಮ್ಮಿ! ಎಂಗುಸ್ರು ದೋಣಿ ಅತ್‌ಬ್ಯಾಡ ಅಂತ ಯಾರೂ ಏಳ್ಲಿಲ್ವಾ ನಿಂಗೆ?"

ಮಗಳು ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಹೊಲದ ಅಂಚಿನಲ್ಲಿ, ಮಾವನ ಗೋರಿಯ ಪಕ್ಕದಲ್ಲಿ ಇವರನ್ನು ಮಣ್ಣು ಮಾಡಿದರು.

ಅಲ್ಲಿಂದ ಮುಂದಿನದು ದೊಡ್ಡ ಕಥೆಯಲ್ಲ. ತವರಿಗೆ ಹೋಗಬಹುದಿತ್ತು, ಅಲ್ಲಿ ಅಣ್ಣಂದಿರ ಸಂಸಾರ. ಮಗಳು ಅಜ್ಜಿಯನ್ನು ಬಿಟ್ಟು ಬರಲೊಲ್ಲಳು. ಹಾಗಾಗಿ ಉಳಿದೆ. ಒಂದೇ ಸೂರಿನಡಿಯಲ್ಲಿ ಅತ್ತೆಯೂ ನಾನೂ. ಅವರು ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು, ಬಂದವರ ಮುಂದೆ ಮಾತ್ರ ತಪ್ಪದೆ ಆ ಮಾತು ತೆಗೆಯುತ್ತಿದ್ದರು. ಕೊಳಾಯಿಯ ಹತ್ತಿರ ಹೆಂಗಸರು ನನಗೆ ಜಾಗ ಬಿಡುತ್ತಿದ್ದರು. ಅದು ಮರ್ಯಾದೆಯಿಂದ ಬಿಡುತ್ತಿದ್ದ ಜಾಗವಲ್ಲ. ಒಮ್ಮೆ ಸೋದರಿಕೆಯ ಒಬ್ಬಾಕೆ ತನ್ನ ಗಂಡನ ಎತ್ತಿನ ಹಗ್ಗವನ್ನು ನಾನು ದಾಟಿದೆನೆಂದು ಅದನ್ನು ತೊಳೆಸಿ ಒಣಗಿಹಾಕಿಸಿದಳು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದದ್ದುಂಟು. ಹೇಳಿದರೆ ಏನಾಗುತ್ತದೆ? ತಾಯಿಯ ಮುಂದೆ, ಮಗಳ ಮುಂದೆ, ಮಣ್ಣಾದವರನ್ನು ಎಬ್ಬಿಸಿ ತಪ್ಪು ಹೊರಿಸಿದ ಹಾಗಾಗುತ್ತದೆ. ನುಂಗಿಕೊಳ್ಳುತ್ತಿದ್ದೆ. ನುಂಗಿದ್ದು ಹೊಟ್ಟೆಯಲ್ಲಿ ಕರಗುತ್ತಿರಲಿಲ್ಲ.

ಮುಂದಿನ ವರ್ಷದ ಬೇಸಿಗೆಯಲ್ಲಿ ಒಂದು ದಿನ ತಾತ ಬಂದರು. ಬಸ್ಸಿನಲ್ಲಿ ಘಟ್ಟ ಹತ್ತಿ, ದಾರಿ ಕೇಳಿಕೊಂಡು ನಡೆದು, ಬೆವರಿ ಬಂದು ಜಗಲಿಯ ಮೇಲೆ ಕೂತರು. ಊರಿನವರ ಮಾತು ಹೇಗೋ ಅವರ ಕಿವಿಗೆ ಬಿದ್ದಿತ್ತು. ನಾನು ಮಜ್ಜಿಗೆ ತರಲು ಒಳಗೆ ಹೋದೆ. ಅವರು ಅತ್ತೆಯೊಂದಿಗೆ ತಮಿಳಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. ಈ ಹುಡುಗಿ ಹಿಂದುಗಡೆ ಹಗ್ಗ ಕಟ್ಟುವವಳಲ್ಲ, ನಾನೇ ಕಲಿಸಿದವನು, ದೂರದಿಂದ ನಾನೇ ಕಣ್ಣಾರೆ ನೋಡಿದೆ, ಕಟ್ಟಿದ್ದು ನಿಮ್ಮ ಮಗ, ಇವಳು ಬೇಡವೆಂದು ಕೈ ಆಡಿಸುತ್ತಿದ್ದಳು ಎಂದರು.

ತಾತ ಮುಗಿಸಿದ ಮೇಲೆ ಅತ್ತೆ ಹೇಳಿದರು:

"ನಂಗೆ ನಿಮ್ ಮಾತು ತಿಳಿಯಕಿಲ್ಲ ಸ್ವಾಮಿ. ನಾವು ಕನ್ನಡದೋರು."

ತಾಳವಾಡಿ ಸಂತೆಯಲ್ಲಿ ತಮಿಳು ವ್ಯಾಪಾರಿಗಳ ಜೊತೆ ಕಾಯಿ, ಬೆಳ್ಳುಳ್ಳಿ, ಸೀರೆ ಎಲ್ಲಕ್ಕೂ ತಮಿಳಿನಲ್ಲೇ ಚೌಕಾಸಿ ಮಾಡಿ ಗೆದ್ದು ಬರುವವರು ಅತ್ತೆ. ನಾನು ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ತಾತ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ, ಸಾಕು ಎಂಬಂತೆ. ಮಜ್ಜಿಗೆ ಕುಡಿದು, ಮಗಳ ತಲೆ ಸವರಿ, ಕೊನೆಯ ಬಸ್ಸಿಗೆ ಹೊರಟರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಅತ್ತೆಗೆ ಎಲ್ಲ ಅರ್ಥವಾಗಿದೆ ಎಂದು ತಿಳಿದ ಮೇಲೆ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದುವರೆಗೆ ಬೈಗುಳವನ್ನು ತಿಳಿಯದವರ ಬೈಗುಳ ಎಂದು ತಡೆದುಕೊಂಡಿದ್ದೆ. ಈಗ ತಿಳಿದೂ ಬೈಯುತ್ತಾರಲ್ಲ! ಮಳೆ ಬಿದ್ದು, ಬಿತ್ತನೆಯಾಗಿ, ಅವರೆ ಕೊಯ್ಲಿಗೆ ಬರುವ ತನಕ ಆ ಸಿಟ್ಟನ್ನು ಹೊತ್ತುಕೊಂಡೇ ಅವರ ಪಕ್ಕದಲ್ಲಿ ಕೆಲಸ ಮಾಡಿದೆ.

ಚಳಿಯ ಒಂದು ಬೆಳಿಗ್ಗೆ ಇಬ್ಬರೂ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ನಿಂತು ಕಷ್ಟಸುಖ ವಿಚಾರಿಸಿದಳು. ಅತ್ತೆ ಎಂದಿನಂತೆ, "ಏನ್ ಕಷ್ಟ ಸುಖ ಬುಡವ್ವ. ಇದ್ದೊಬ್ಬ ಮಗ್ನ ಇವ್ಳು ನೀರಿಗೆ ಕೊಟ್ಟು ಬಂದ್ಳು" ಅಂದರು. ಅವಳು ಅತ್ತ ಹೋದ ಮೇಲೆ ನಾನು ಮಡಿಲಿನ ಕಾಯಿಯನ್ನೆಲ್ಲ ನೆಲಕ್ಕೆ ಸುರಿದುಬಿಟ್ಟೆ.

"ಅತ್ತೆ, ಅಗ್ಗ ಕಟ್ಟಿದ್ದು ನಿಮ್ ಮಗ. ನಾ ಬ್ಯಾಡ ಅಂದೆ. ಕೇಳ್ನಿಲ್ಲ. ತಾತ ಏಳಿದ್ದು ನಿಮ್ಗೆ ತಿಳೀತು. ತಿಳಿದೂ ಅಂತೀರಲ್ಲ?"

ಅವರು ಬಗ್ಗಿದ ಬೆನ್ನು ಎತ್ತಲಿಲ್ಲ. ಕಾಯಿ ಕೀಳುವ ಕೈ ನಿಂತಿತು.

"ತಿಳೀತು ಕಣವ್ವ. ಆ ಅಜ್ಜಪ್ಪ ಬರಕೂ ಮುಂಚೇನೇ ಗೊತ್ತು ನಂಗೆ. ನಾ ಎತ್ತಿಲ್ವಾ ಅವ್ನ? ಯಾವತ್ತು ಯಾರ್ ಮಾತು ಕೇಳ್ದ ಅವ್ನು?"

"ಮತ್ತೆ?"

"ಮತ್ತೆ ಏನ್ ಮಾಡ್ಲಿ? ಅವ್ನ ಬೈಯಕ್ಕಾದದಾ? ಮಣ್ಣಾಗವ್ನೆ. ದೇವ್ರ ಬೈದ್ರೆ ಅದು ಮಾತಾಡಕಿಲ್ಲ. ನೀನಾದ್ರೆ ಕಣ್ ಮುಂದೆ ಇದ್ದೀಯ." ಸೆರಗಿನಿಂದ ಮೂಗು ಒರೆಸಿಕೊಂಡರು. "ಮಗೀಗೆ ಏಳ್‌ಬ್ಯಾಡ. ಅಪ್ಪ ದಡ್ಡ ಆಗಿ ಸತ್ತ ಅಂತ ಅನ್ನುಸ್‌ಬ್ಯಾಡ. ಊರೋರ್ ಮುಂದೇನೂ ಬ್ಯಾಡ. ನಿನ್ ಕೈ ಮುಗೀತೀನಿ."

ನಾನು ಒಪ್ಪಿದೆನೆಂದೂ ಅನ್ನಲಿಲ್ಲ, ಒಪ್ಪುವುದಿಲ್ಲ ಎಂದೂ ಅನ್ನಲಿಲ್ಲ. ಅವರು ಮಣ್ಣಿನಲ್ಲಿ ಬಿದ್ದಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ನನ್ನ ಮಡಿಲಿಗೆ ಹಾಕತೊಡಗಿದರು. ನಾನೂ ಬಗ್ಗಿದೆ.

ಅತ್ತೆ ಇರುವವರೆಗೆ ನಾನು ಯಾರ ಮುಂದೆಯೂ ಹೇಳಲಿಲ್ಲ. ಊರು ಈಗಲೂ ಹಳೆಯದನ್ನೇ ನಂಬಿದೆ. ಮಗಳು ದೊಡ್ಡವಳಾದ ಮೇಲೆ ತಾನಾಗಿ ಕೇಳಿದಳು, ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಅತ್ತಳು. ಅಪ್ಪನ ಮೇಲೆ ಸಿಟ್ಟಾದಳೋ ಇಲ್ಲವೋ ನನಗೆ ತಿಳಿಯದು.

ಹೊಲದಲ್ಲಿ ಆ ಮಾತಾದ ಮೇಲೆ ಅತ್ತೆ ಸೊಸೆಯರ ನಡುವೆ ಪ್ರೀತಿ ಉಕ್ಕಿ ಹರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ಸಂಜೆ ಊಟಕ್ಕೆ ಕೂತಾಗ ಮುದ್ದೆ ಗಂಟಾಗಿದೆ, ಇಷ್ಟು ವರ್ಷವಾದರೂ ತೊಳಸಲು ಬಾರದು ಎಂದು ಅವರು ಗೊಣಗಿದರು. ಗಂಟಾದರೆ ನಾಳೆಯಿಂದ ನೀವೇ ತೊಳಸಿ ಅಂದೆ. ಇವರು ಹೋದ ಮೇಲೆ ಮನೆಯ ಸಣ್ಣಪುಟ್ಟ ಮಾತಿಗೆ ನಾನು ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಅವರು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು, ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದರು.